ಕ್ಷ-ಕಿರಣ ಪ್ರತಿದೀಪ್ತಿ: ಚಿಟಿಕೆ ಮಾದರಿಯಲ್ಲಿ ಲೇಶಧಾತುಗಳ ಪತ್ತೆ

ವಸ್ತುವಿನ ಮೇಲೆ ಕ್ಷ-ಕಿರಣ ಬಿಟ್ಟು, ಅದರೊಳಗಿನ ಧಾತುಗಳು ಮರಳಿ ಹೊಮ್ಮಿಸುವ ಕ್ಷ-ಕಿರಣಗಳನ್ನು ಅಳೆದು, ಯಾವ ಧಾತು ಎಷ್ಟಿದೆ ಎಂದು ತಿಳಿಯುವ ವಿಧಾನ ಕ್ಷ-ಕಿರಣ ಪ್ರತಿದೀಪ್ತಿ. ಪ್ರಯೋಗಾಲಯದವರ ಬಾಯಲ್ಲಿ ಇದು ಎಕ್ಸ್‌ಆರ್‌ಎಫ್. ಚಿನ್ನದಂಗಡಿಯ ಕ್ಯಾರೆಟ್ ಮೀಟರ್, ಸಿಮೆಂಟ್ ಕಾರ್ಖಾನೆಯ ಗುಣಮಟ್ಟ ವಿಭಾಗ, ಭೂವಿಜ್ಞಾನಿಗಳ ಪ್ರಯೋಗಾಲಯ, ಚಂದ್ರನ ಸುತ್ತ ತಿರುಗುವ ನೌಕೆ, ಎಲ್ಲೆಡೆಯೂ ಕೆಲಸ ಮಾಡುವುದು ಇದೊಂದೇ ತತ್ತ್ವ. ಮಾದರಿಯನ್ನು ಆಮ್ಲದಲ್ಲಿ ಕರಗಿಸಲೇಬೇಕೆಂದಿಲ್ಲ, ಉರಿಸಬೇಕಿಲ್ಲ. ಅಳತೆ ಮುಗಿದ ಮೇಲೂ ಅದು ಬಹುಮಟ್ಟಿಗೆ ಇದ್ದಂತೆಯೇ ಉಳಿಯುತ್ತದೆ. ಲೇಶಧಾತುಗಳೆಂದರೆ ಸಾಮಾನ್ಯವಾಗಿ ನೂರಕ್ಕೆ 0.1 ಭಾಗಕ್ಕಿಂತ, ಅಂದರೆ ದಶಲಕ್ಷಕ್ಕೆ ಸಾವಿರ ಭಾಗಕ್ಕಿಂತ (1,000 ಪಿಪಿಎಂ) ಕಡಿಮೆ ಇರುವ ಧಾತುಗಳು. ಬೆಳೆಗೆ ಬೇಕಾದ ಸತು, ಮೈಗೆ ಬೇಡವಾದ ಸೀಸ ಎರಡೂ ಈ ಗುಂಪಿನವೇ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳ ಮಣ್ಣು, ಅಡಿಕೆ ತೋಟ ಮತ್ತು ತಾಮ್ರಶಾಸನಗಳನ್ನು ಈ ಲೇಖನ ಉದಾಹರಣೆಗೆ ಇಟ್ಟುಕೊಂಡಿದೆ. ಕಬ್ಬಿಣ ತುಂಬಿದ ಇಲ್ಲಿನ ಕೆಂಪು ಮಣ್ಣು ಈ ವಿಧಾನದ ಕಷ್ಟಗಳನ್ನೆಲ್ಲ ಒಂದೇ ಕಡೆ ಎದುರಿಗಿಡುತ್ತದೆ. ಯಂತ್ರ ಎಷ್ಟು ಸೂಕ್ಷ್ಮ ಎಂಬ ಹೊಗಳಿಕೆ ಧಾರಾಳವಾಗಿ ಕೇಳಿಬರುತ್ತದೆ. ಅದರೊಳಗೆ ಇಟ್ಟ ಚಿಟಿಕೆ ಎಲ್ಲಿಂದ ಬಂತು, ಯಾವುದರ ಪರವಾಗಿ ಬಂತು ಎಂಬ ಪ್ರಶ್ನೆ ಅಷ್ಟು ಕೇಳಿಬರುವುದಿಲ್ಲ. ಮಾದರಿ ಚಿಕ್ಕದಾದಷ್ಟೂ ಈ ಪ್ರಶ್ನೆಯ ತೂಕ ಹೆಚ್ಚು.

ತತ್ತ್ವ ಮತ್ತು ಚರಿತ್ರೆ

ಪರಮಾಣುವಿನ ತೀರಾ ಒಳಗಿನ ಕವಚದಿಂದ ಒಂದು ಎಲೆಕ್ಟ್ರಾನನ್ನು ಕ್ಷ-ಕಿರಣ ಹೊಡೆದು ಹೊರಗೆ ಹಾಕಿದರೆ ಆ ಜಾಗ ಖಾಲಿ ಉಳಿಯದು. ಹೊರಕವಚದ ಎಲೆಕ್ಟ್ರಾನ್ ಒಳಕ್ಕೆ ಇಳಿಯುತ್ತದೆ. ಎರಡು ಕವಚಗಳ ಶಕ್ತಿಯ ಅಂತರ ಹೊಸದೊಂದು ಕ್ಷ-ಕಿರಣವಾಗಿ ಹೊಮ್ಮುತ್ತದೆ. ಈ ಅಂತರ ಧಾತುವಿನಿಂದ ಧಾತುವಿಗೆ ಬೇರೆ. ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕೆಇವಿ) ಲೆಕ್ಕದಲ್ಲಿ ಕಬ್ಬಿಣದ ಮುಖ್ಯ ರೇಖೆ 6.40, ತಾಮ್ರದ್ದು 8.05, ಸತುವಿನದು 8.64, ಜಿರ್ಕೋನಿಯಂನದು 15.77. ಶಕ್ತಿ ಧಾತುವಿನ ಗುರುತು. ಆ ಶಕ್ತಿಯ ಕಿರಣಗಳು ಎಷ್ಟು ಬಂದವು ಎಂಬುದು ಅದರ ಪ್ರಮಾಣದ ಸುಳಿವು.

ಧಾತುಗಳಿಗೆ ಹೀಗೆ ತಮ್ಮದೇ ಕ್ಷ-ಕಿರಣಗಳಿವೆ ಎಂದು ತೋರಿಸಿದ ಚಾರ್ಲ್ಸ್ ಬಾರ್ಕ್ಲಾನಿಗೆ 1917ರ ಭೌತವಿಜ್ಞಾನ ನೊಬೆಲ್ ಸಂದಿತು. ಆ ಕಿರಣಗಳಿಗೂ ಪರಮಾಣು ಸಂಖ್ಯೆಗೂ ಇರುವ ಸಂಬಂಧವನ್ನು 1913ರಲ್ಲಿ ಸೂತ್ರಕ್ಕೆ ಇಳಿಸಿದವನು ಹೆನ್ರಿ ಮೋಸ್ಲಿ. ಎರಡೇ ವರ್ಷಗಳಲ್ಲಿ, 27ನೇ ವಯಸ್ಸಿಗೆ, ಗ್ಯಾಲಿಪೊಲಿಯ ಯುದ್ಧದಲ್ಲಿ ಆತ ಸತ್ತ. ಅವನ ದಾರಿ ಹಿಡಿದು ಕೋಪನ್‌ಹೇಗನ್ನಿನಲ್ಲಿ ಡಿರ್ಕ್ ಕೋಸ್ಟರ್ ಮತ್ತು ಜಾರ್ಜ್ ಹೆವೆಶಿ ಜಿರ್ಕಾನ್ ಖನಿಜದೊಳಗೆ ಹಾಫ್ನಿಯಂ ಎಂಬ ಹೊಸ ಧಾತುವನ್ನು ಕಂಡು 1923ರಲ್ಲಿ ಪ್ರಕಟಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರ ಸುಮಾರಿಗೆ, ಅಮೆರಿಕದಲ್ಲಿ ಫ್ರೀಡ್‌ಮನ್ ಮತ್ತು ಬರ್ಕ್ಸ್ ಕಟ್ಟಿದ ಉಪಕರಣದಿಂದ ಈ ವಿಧಾನ ಕಾರ್ಖಾನೆಗಳ ಕಡೆಗೆ ಹೊರಳಿತು.

ಕಿರಣಗಳನ್ನು ಬಿಡಿಸುವ ಬಗೆ ಎರಡು. ಸ್ಫಟಿಕದ ಮೇಲೆ ಬೀಳಿಸಿ ತರಂಗಾಂತರದ ಪ್ರಕಾರ ಬೇರ್ಪಡಿಸುವುದು ಹಳೆಯ ಕ್ರಮ. ಯಂತ್ರ ದೊಡ್ಡದು, ನಿಖರತೆಯೂ ಹೆಚ್ಚು. ಸಿಲಿಕಾನ್ ಶೋಧಕಕ್ಕೆ ಎಲ್ಲವನ್ನೂ ಒಟ್ಟಿಗೆ ಬೀಳಿಸಿ ಒಂದೊಂದು ಕಿರಣದ ಶಕ್ತಿಯನ್ನೂ ಎಣಿಸುವುದು ಇನ್ನೊಂದು. ಕೈಯಲ್ಲಿ ಹಿಡಿಯುವ ಪಿಸ್ತೂಲಿನಾಕಾರದ ಯಂತ್ರಗಳು ಈ ಎರಡನೆಯ ಜಾತಿಯವು. ಮಾದರಿಯನ್ನು ಕೆಣಕುವ ಮೂಲವೂ ಒಂದೇ ಆಗಬೇಕೆಂದಿಲ್ಲ. ಸಾಮಾನ್ಯವಾಗಿ ಅದು ಕ್ಷ-ಕಿರಣ ಕೊಳವೆ. ಚಂದ್ರಯಾನ-3ರ ಪ್ರಗ್ಯಾನ್ ರೋವರ್ 2023ರಲ್ಲಿ ಚಂದ್ರನ ದಕ್ಷಿಣ ಧ್ರುವದ ಕಡೆ 23 ಜಾಗಗಳಲ್ಲಿ ಮಣ್ಣು ಅಳೆದದ್ದು ಕ್ಯೂರಿಯಂ ಎಂಬ ವಿಕಿರಣಶೀಲ ಧಾತುವಿನ ಬಲದಿಂದ. ಅದಕ್ಕೂ ಮೊದಲು ಹೊರಟ ಚಂದ್ರಯಾನ-2ರಲ್ಲಿ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ಕಟ್ಟಿದ 'ಕ್ಲಾಸ್' ಉಪಕರಣವಿದೆ. ಅದಕ್ಕೆ ಸೂರ್ಯನೇ ಕ್ಷ-ಕಿರಣ ಕೊಳವೆ. ಸೂರ್ಯನ ಮೇಲೆ ಜ್ವಾಲೆ ಎದ್ದಾಗ ಹೊಮ್ಮುವ ಕ್ಷ-ಕಿರಣ ಚಂದ್ರನ ನೆಲವನ್ನು ತಾಕಿ, ಅಲ್ಲಿನ ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್‌ಗಳ ರೇಖೆಗಳನ್ನು ನೌಕೆಗೆ ತಲುಪಿಸುತ್ತದೆ. ಸೋಡಿಯಂ ಎಲ್ಲಿ ಎಷ್ಟಿದೆ ಎಂಬ ನಕ್ಷೆಯೂ ಇದರಿಂದ 2022ರಲ್ಲಿ ಹೊರಬಂತು.

ಸೋಡಿಯಂಗಿಂತ ಹಗುರ ಧಾತುಗಳ ವಿಷಯದಲ್ಲಿ ಮಾತ್ರ ಈ ವಿಧಾನ ಬಡವ. ಅವುಗಳಲ್ಲಿ ಖಾಲಿಯಾದ ಜಾಗ ತುಂಬಿದರೂ ಕ್ಷ-ಕಿರಣ ಹೊಮ್ಮುವುದು ಅಪರೂಪ, ಶಕ್ತಿ ಬಹುಪಾಲು ಇನ್ನೊಂದು ಎಲೆಕ್ಟ್ರಾನನ್ನು ಓಡಿಸಲು ಖರ್ಚಾಗುತ್ತದೆ. ಹೊಮ್ಮಿದ ಅಲ್ಪಸ್ವಲ್ಪವೂ ಗಾಳಿಯಲ್ಲಿ, ಶೋಧಕದ ಕಿಟಕಿಯಲ್ಲಿ ಇಂಗಿಹೋಗುತ್ತದೆ. ಮಂಡ್ಯ ಜಿಲ್ಲೆಯ ಮರಳಗಾಲದ ಶಿಲೆಗಳಲ್ಲಿ ಲಿಥಿಯಂ ಇದೆ ಎಂಬ ಸುದ್ದಿ ಬಂದಾಗ ಕೈಯಂತ್ರ ಹಿಡಿದು ಹೊರಟರೆ ಸಾಕೆಂದು ಯಾರಿಗಾದರೂ ಅನ್ನಿಸಿದ್ದೀತು. ಲಿಥಿಯಂ ಅದಕ್ಕೆ ಕಾಣುವುದೇ ಇಲ್ಲ. ಅದರ ಜೊತೆಗೆ ಬರುವ ರುಬಿಡಿಯಂ, ಟ್ಯಾಂಟಲಂಗಳನ್ನು ಕಂಡು ಅದೂ ಇರಬಹುದು ಎಂದು ಊಹಿಸಬಹುದಷ್ಟೆ.

ಚಿಟಿಕೆಗೆಂದೇ ಬೆಳೆದ ವಿಧಾನಗಳು

ಸಾಮಾನ್ಯ ಎಕ್ಸ್‌ಆರ್‌ಎಫ್‌ಗೆ ನಾಲ್ಕೈದು ಗ್ರಾಂ ಪುಡಿ ಬೇಕು. ಅದನ್ನು ಒತ್ತಿ ಬಿಲ್ಲೆ ಮಾಡುತ್ತಾರೆ, ಇಲ್ಲವೇ ಲಿಥಿಯಂ ಬೋರೇಟ್ ಜೊತೆ ಸಾವಿರ ಡಿಗ್ರಿಗಿಂತ ಹೆಚ್ಚು ಕಾಯಿಸಿ ಗಾಜಿನ ಬಿಲ್ಲೆ ಮಾಡುತ್ತಾರೆ. ಮಾದರಿ ಮಿಲಿಗ್ರಾಂಗಳಲ್ಲಿ ಇದ್ದರೆ ಇನ್ನೊಂದು ದಾರಿ ಹಿಡಿಯಬೇಕು.

ಆ ದಾರಿಗಳಲ್ಲಿ ಬಲು ಚೆಲುವಾದದ್ದು ಪೂರ್ಣ ಪ್ರತಿಫಲನದ ವಿಧಾನ, ಟಿಎಕ್ಸ್‌ಆರ್‌ಎಫ್. ಜಪಾನಿನ ಯೊನೇಡ ಮತ್ತು ಹೊರಿಯುಚಿ 1971ರಲ್ಲಿ ಇದನ್ನು ಸೂಚಿಸಿದರು. ಕನ್ನಡಿಯಂತೆ ನಯಮಾಡಿದ ಸ್ಫಟಿಕಶಿಲೆಯ ಬಿಲ್ಲೆಯ ಮೇಲೆ ಒಂದು ಹನಿ ದ್ರಾವಣ ಬಿಟ್ಟು ಒಣಗಿಸಲಾಗುತ್ತದೆ. ಕ್ಷ-ಕಿರಣ ಅದರ ಮೇಲೆ ನೆಟ್ಟಗೆ ಬೀಳದೆ, ಸುಮಾರು 0.1 ಡಿಗ್ರಿಯಷ್ಟು ಓರೆಯಾಗಿ, ನೆಲ ಸವರಿಕೊಂಡು ಹೋದಂತೆ ಬರುತ್ತದೆ. ಆ ಕೋನದಲ್ಲಿ ಕಿರಣ ಬಿಲ್ಲೆಯೊಳಕ್ಕೆ ಇಳಿಯದೆ ಪೂರಾ ಪ್ರತಿಫಲಿಸುವುದರಿಂದ ಬಿಲ್ಲೆಯ ಗದ್ದಲ ಶೋಧಕಕ್ಕೆ ಕೇಳಿಸುವುದಿಲ್ಲ. ಒಣಗಿದ ಹನಿಗೆ ಮಾತ್ರ ಹೋಗುವ ಕಿರಣವೂ ಬರುವ ಕಿರಣವೂ ಎರಡೂ ತಗಲುತ್ತವೆ. ಹನಿಗೆ ಗೊತ್ತಾದ ಪ್ರಮಾಣದ ಗ್ಯಾಲಿಯಂ ಬೆರೆಸಿದ್ದರೆ ಉಳಿದ ಧಾತುಗಳನ್ನು ಅದಕ್ಕೆ ಹೋಲಿಸಿ ಲೆಕ್ಕ ಹಾಕಬಹುದು. ಹನಿ ತೆಳುವಾಗಿರುವುದರಿಂದ ಒಂದು ಧಾತು ಇನ್ನೊಂದರ ಕಿರಣವನ್ನು ನುಂಗುವ ತೊಂದರೆ ಬಹುಪಾಲು ತಪ್ಪುತ್ತದೆ. ಹತ್ತು ಮೈಕ್ರೋಲೀಟರ್ ಹನಿಯಲ್ಲಿ ಪಿಕೋಗ್ರಾಂ, ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲೊಂದು ಭಾಗದ ಮಟ್ಟದ ಲೋಹವನ್ನೂ ಗುರುತಿಸುವ ಸಾಮರ್ಥ್ಯ ಇದಕ್ಕಿದೆ.

ಇನ್ನೊಂದು ದಾರಿಯಲ್ಲಿ ಮಾದರಿಯನ್ನು ಹಾಗೇ ಬಿಟ್ಟು ಕಿರಣವನ್ನು ಚಿಕ್ಕದು ಮಾಡುತ್ತಾರೆ. ಗಾಜಿನ ಸೂಕ್ಷ್ಮ ನಾಳಗಳ ಕಟ್ಟಿನ ಮೂಲಕ ಹಾಯಿಸಿ ಕಿರಣವನ್ನು 20–30 ಮೈಕ್ರಾನ್ ಬಿಂದುವಿಗೆ ಒಟ್ಟುಗೂಡಿಸಿದರೆ ಅಡಿಕೆಯ ಹೋಳಿನ ಮೇಲೋ ಕೆರೆಯ ಹೂಳಿನ ಪದರದ ಮೇಲೋ ಗೆರೆ ಎಳೆದಂತೆ ಸಾಗುತ್ತ ಅಳೆಯಬಹುದು. ಸಿಂಕ್ರೊಟ್ರಾನ್‌ನಲ್ಲಿ ವೃತ್ತಾಕಾರವಾಗಿ ಓಡುವ ಎಲೆಕ್ಟ್ರಾನ್‌ಗಳಿಂದ ಹೊರಡುವ ಪ್ರಖರ ಕ್ಷ-ಕಿರಣವಿದ್ದರೆ ಇನ್ನೂ ಕೆಳಗಿಳಿಯಬಹುದು. ಭಾರತದಲ್ಲಿ ಈ ಸೌಲಭ್ಯ ಇರುವುದು ಇಂದೋರಿನಲ್ಲಿ, 2.5 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಇಂಡಸ್-2ರಲ್ಲಿ. ಅದನ್ನು ನಡೆಸುವ ಸಂಸ್ಥೆಗೆ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರಿಟ್ಟಿದ್ದಾರೆ.

ಕಬ್ಬಿಣದ ಗದ್ದಲ

ಶಿಕಾರಿಪುರ ಅರೆಮಲೆನಾಡು, ಸೊರಬ, ಅದರಲ್ಲೂ ಚಂದ್ರಗುತ್ತಿ ಕಡೆ, ಮಲೆನಾಡಿಗೆ ಹತ್ತಿರ. ತಳದಲ್ಲಿ ಶಿವಮೊಗ್ಗ ಸೀಮೆಯ ಧಾರವಾಡ ಕಾಲದ ಹಳೆಯ ಶಿಲೆಗಳು. ಮೇಲೆ ಸಾವಿರಾರು ಮಳೆಗಾಲಗಳು ಸಿಲಿಕಾ, ಸುಣ್ಣ, ಪೊಟ್ಯಾಸಿಯಂಗಳನ್ನು ತೊಳೆದು ಒಯ್ದ ಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಂಗಳ ಜಂಬಿಟ್ಟಿಗೆ. ಇಂಥ ಮಣ್ಣಿನ ಪುಡಿಯನ್ನು ಯಂತ್ರಕ್ಕಿಟ್ಟರೆ ಪರದೆಯ ಮೇಲೆ 6.40ರ ಹತ್ತಿರ ಕಬ್ಬಿಣದ ಶಿಖರ ಗೋಪುರದಂತೆ ಏಳುತ್ತದೆ. ಉಳಿದವುಗಳನ್ನು ಅದರ ಬುಡದಲ್ಲಿ ಹುಡುಕಬೇಕು. ಡೊಳ್ಳು ಬಡಿಯುವವರ ನಡುವೆ ನಿಂತು ಪಿಸುಮಾತು ಕೇಳಿಸಿಕೊಂಡಂತೆ ಇದು.

ಕಬ್ಬಿಣ ಮಾಡುವ ಕಿತಾಪತಿ ಒಂದೆರಡಲ್ಲ. ಅದರ ಎರಡನೆಯ ರೇಖೆ 7.06ರಲ್ಲಿದೆ, ಕೋಬಾಲ್ಟ್‌ನ ಮುಖ್ಯ ರೇಖೆ 6.93ರಲ್ಲಿ. ಶೋಧಕ ಬಿಡಿಸಿ ನೋಡಬಲ್ಲ ಅಂತರವೇ 0.13–0.15 ಕೆಇವಿ ಆಸುಪಾಸು ಇರುವಾಗ ಜಂಬಿಟ್ಟಿಗೆಯಲ್ಲಿ ಹತ್ತಿಪ್ಪತ್ತು ಪಿಪಿಎಂ ಕೋಬಾಲ್ಟ್ ಇದೆ ಎಂದು ಕೈಯಂತ್ರ ಹೇಳಿದರೆ ನಂಬಬಾರದು. ಸಿಲಿಕಾನ್ ಶೋಧಕದೊಳಗೆ ಕಬ್ಬಿಣದ ಕಿರಣ ಬಿದ್ದಾಗ ಕೆಲವೊಮ್ಮೆ ಸಿಲಿಕಾನ್ ತನ್ನ 1.74 ಕೆಇವಿಯನ್ನು ಹೊರಕ್ಕೆ ಬಿಟ್ಟುಬಿಡುತ್ತದೆ. ಆಗ ಯಂತ್ರಕ್ಕೆ ಕಾಣುವುದು 6.40ರ ಬದಲು 4.66. ಅದು ಸರಿಯಾಗಿ ಲ್ಯಾಂಥನಂನ ಮನೆ. ಇಲ್ಲದ ವಿರಳಮೃತ್ತಿಕೆ ಧಾತು ಕಾಣಿಸಿಕೊಳ್ಳುವುದು ಹೀಗೆ. ಎರಡು ಕಬ್ಬಿಣದ ಕಿರಣಗಳು ಒಂದೇ ಕ್ಷಣದಲ್ಲಿ ಬಂದು ಬಿದ್ದರೆ 12.80ರಲ್ಲಿ ಒಂದು ಸುಳ್ಳು ಶಿಖರ ಏಳುತ್ತದೆ. ಸೀಸದ ಒಂದು ಮುಖ್ಯ ರೇಖೆ 12.61ರಲ್ಲಿದೆ. ಒಳ್ಳೆಯ ತಂತ್ರಾಂಶ ಇವನ್ನೆಲ್ಲ ಕಳೆಯುತ್ತದೆ ನಿಜ. ಕಳೆದ ಮೇಲೆ ಉಳಿದ ಸಂಖ್ಯೆಯ ಪಕ್ಕದ ಅನಿಶ್ಚಿತತೆಯನ್ನು ಓದದೆ ವರದಿ ಬರೆಯುವವರು ಮಾತ್ರ ಹೆಚ್ಚು.

ನುಂಗುವ ತೊಂದರೆ ಬೇರೆ. 7.11 ಕೆಇವಿಗಿಂತ ಸ್ವಲ್ಪ ಹೆಚ್ಚು ಶಕ್ತಿಯ ಕಿರಣಗಳೆಂದರೆ ಕಬ್ಬಿಣಕ್ಕೆ ಬಲು ಪ್ರೀತಿ. ನಿಕ್ಕಲ್, ತಾಮ್ರ, ಸತುಗಳ ರೇಖೆಗಳು ಈ ವ್ಯಾಪ್ತಿಯಲ್ಲೇ ಬರುವುದರಿಂದ ಅವು ಮಾದರಿಯಿಂದ ಹೊರಬರುವ ಮೊದಲೇ ಕಬ್ಬಿಣದ ಪಾಲಾಗುತ್ತವೆ. ಹಾಗೆ ನುಂಗಿದ ಕಬ್ಬಿಣ ತನ್ನ 6.40ರ ಕಿರಣ ಬಿಡುತ್ತದೆ. ಅದು ಪಕ್ಕದ ಕ್ರೋಮಿಯಂ ಅನ್ನು ಕೆಣಕಿ ಕ್ರೋಮಿಯಂ ಇದ್ದುದಕ್ಕಿಂತ ಹೆಚ್ಚು ಕಾಣುವಂತೆ ಮಾಡುತ್ತದೆ. ಬಯಲುಸೀಮೆಯ ಕಪ್ಪು ಮಣ್ಣಿಗೆಂದು ಹೊಂದಿಸಿಟ್ಟ ಯಂತ್ರವನ್ನು ಸೊರಬಕ್ಕೆ ತಂದು ಹಾಗೆಯೇ ಬಳಸಿದರೆ ಸತು ಕಡಿಮೆ, ಕ್ರೋಮಿಯಂ ಹೆಚ್ಚು ಎಂಬ ತಪ್ಪು ತೀರ್ಮಾನ ಸಿದ್ಧ. ಕಬ್ಬಿಣದ ಪ್ರಮಾಣ ಇಷ್ಟೇ ಇರುವ, ಒಳಗಿನ ಅಂಶಗಳು ಮೊದಲೇ ಗೊತ್ತಿರುವ ಪ್ರಮಾಣಿತ ಮಣ್ಣಿನ ಜೊತೆ ಹೊಂದಿಸಿಕೊಂಡೇ ಅಳೆಯಬೇಕು.

ಆರ್ಸೆನಿಕ್–ಸೀಸದ ಜಗಳ ಹಳೆಯದು, ಅದಕ್ಕೆ ಕಬ್ಬಿಣ ಬೇಕಿಲ್ಲ. ಆರ್ಸೆನಿಕ್‌ನ ಮುಖ್ಯ ರೇಖೆ 10.54, ಸೀಸದ ಒಂದು ರೇಖೆ 10.55. ಎರಡೂ ಒಂದರ ಮೇಲೊಂದು. ಆರ್ಸೆನಿಕ್ ಚಿನ್ನದ ನೆರಳಿನಂತೆ ಬರುವ ಧಾತು. ಶಿಕಾರಿಪುರದ ನೆರೆಯ ಹೊನ್ನಾಳಿ ಸೀಮೆಯ ಕುದುರೆಕೊಂಡದಲ್ಲಿ, ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಚಿನ್ನದ ನಿಕ್ಷೇಪಗಳಿರುವುದರಿಂದ ಈ ಪಟ್ಟಿಯ ಹಳ್ಳದ ಹೂಳಿನಲ್ಲಿ ಆರ್ಸೆನಿಕ್ ಹುಡುಕುವುದರಲ್ಲಿ ಅರ್ಥವಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂರಾಸಾಯನಿಕ ನಕ್ಷೆ ಕಾರ್ಯಕ್ರಮ ದೇಶವನ್ನು ಚೌಕಗಳಾಗಿ ಹಂಚಿಕೊಂಡು ಹೂಳು ಸಂಗ್ರಹಿಸುವುದು, ಅದರಲ್ಲಿ ಎಕ್ಸ್‌ಆರ್‌ಎಫ್ ಸೇರಿದಂತೆ ಹಲವು ವಿಧಾನಗಳಿಂದ ಹತ್ತಾರು ಧಾತುಗಳನ್ನು ಅಳೆಯುವುದು ಇಂಥ ಸುಳಿವುಗಳಿಗಾಗಿಯೇ. ಸೀಸದ ಇನ್ನೊಂದು ರೇಖೆಯಾದ 12.61 ನೋಡಿ ಅದರ ಪ್ರಮಾಣ ತಿಳಿದು, 10.5ರ ಶಿಖರದಿಂದ ಅದರ ಪಾಲನ್ನು ಕಳೆದರೆ ಉಳಿದದ್ದು ಆರ್ಸೆನಿಕ್. ಆ 12.61ರ ಪಕ್ಕದಲ್ಲೇ ಕಬ್ಬಿಣದ ಜೋಡಿಶಿಖರ ಕೂತಿರುತ್ತದೆ ಎಂಬುದು ಈ ಸೀಮೆಯ ವಿಶೇಷ ತಲೆನೋವು.

ಚಿಟಿಕೆ ಯಾವುದರ ಪ್ರತಿನಿಧಿ?

ಒಂದು ಎಕರೆಯ ಮೇಲ್ಮಣ್ಣು, ನೇಗಿಲು ತಾಕುವ ಆರು ಅಂಗುಲದವರೆಗೆ, ಸುಮಾರು 900 ಟನ್ ತೂಗುತ್ತದೆ. ಕೃಷಿ ಇಲಾಖೆಯವರು ಹೇಳಿಕೊಡುವಂತೆ ಅಲ್ಲಲ್ಲಿ ವಿ ಆಕಾರದ ಗುಂಡಿ ತೆಗೆದು, ಪಕ್ಕದಿಂದ ಮಣ್ಣು ಕೆರೆದು, ಎಲ್ಲ ಬೆರೆಸಿ ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಹೋದರೆ ಕೊನೆಗೆ ಅರ್ಧ ಕಿಲೋ ಉಳಿಯುತ್ತದೆ. ಅದರಿಂದ 50 ಮಿಲಿಗ್ರಾಂ ತೆಗೆದು ಎರಡೂವರೆ ಮಿಲಿಲೀಟರ್ ನೀರಿನಲ್ಲಿ ಕದಡಿ, ಹತ್ತು ಮೈಕ್ರೋಲೀಟರ್ ಹನಿಯನ್ನು ಟಿಎಕ್ಸ್‌ಆರ್‌ಎಫ್ ಬಿಲ್ಲೆಗೆ ಬಿಟ್ಟರೆ ಅದರಲ್ಲಿರುವ ಮಣ್ಣು 0.2 ಮಿಲಿಗ್ರಾಂ. ಹೊಲಕ್ಕೂ ಹನಿಗೂ ಇರುವ ಅನುಪಾತ ನಾಲ್ಕೂವರೆ ಲಕ್ಷ ಕೋಟಿಗೆ ಒಂದು.

ಇಷ್ಟು ಸಣ್ಣ ಹನಿಯಲ್ಲಿ ಒಂದೇ ಒಂದು ಕಣ ಏನು ಮಾಡಬಲ್ಲದು ಎಂದು ಲೆಕ್ಕ ಹಾಕಿ ನೋಡಬಹುದು. ಮಣ್ಣಿನಲ್ಲಿ ಸಾಮಾನ್ಯವಾದ ಜಿರ್ಕಾನ್ ಹರಳೊಂದು 50 ಮೈಕ್ರಾನ್ ಅಂಚಿನ ಘನ ಎಂದಿಟ್ಟುಕೊಂಡರೆ ಅದರ ತೂಕ ಅರ್ಧ ಮೈಕ್ರೋಗ್ರಾಂಗಿಂತ ತುಸು ಹೆಚ್ಚು. ಅದರಲ್ಲಿ ಅರ್ಧದಷ್ಟು ಜಿರ್ಕೋನಿಯಂ. ಆ ಹರಳು ಹನಿಯೊಳಗೆ ಬಂದರೆ ಜಿರ್ಕೋನಿಯಂ ಸುಮಾರು 1,400 ಪಿಪಿಎಂ ಏರುತ್ತದೆ, ಬರದಿದ್ದರೆ ಇಲ್ಲ. ಒಂದೇ ಹೊಲದ ಒಂದೇ ಪೊಟ್ಟಣದಿಂದ ತೆಗೆದ ಎರಡು ಹನಿಗಳು ಎರಡು ಊರಿನ ಮಣ್ಣಿನಂತೆ ಕಂಡರೆ ಯಂತ್ರ ಕೆಟ್ಟಿದೆ ಎಂದಲ್ಲ, ಅರೆಯುವ ಕೆಲಸ ಸಾಲದಾಗಿದೆ ಎಂದರ್ಥ. ಹತ್ತು ಮೈಕ್ರಾನ್‌ನ ಆಸುಪಾಸಿಗೆ ಬರುವ ತನಕ ಅರೆಯಬೇಕು. ಅದೂ ಅಗೇಟ್ ಕಲ್ಬತ್ತಿನಲ್ಲಿ. ಉಕ್ಕಿನ ಅರೆಯುವ ಯಂತ್ರ ಕ್ರೋಮಿಯಂ, ನಿಕ್ಕಲ್‌ಗಳನ್ನೂ, ಟಂಗ್‌ಸ್ಟನ್ ಕಾರ್ಬೈಡಿನದು ಟಂಗ್‌ಸ್ಟನ್, ಕೋಬಾಲ್ಟ್‌ಗಳನ್ನೂ ತಾನೇ ಸೇರಿಸುತ್ತದೆ. ಹೊಲದಲ್ಲಿ ತುಕ್ಕುಹಿಡಿದ ಗುದ್ದಲಿಯಿಂದ ಮಣ್ಣು ತೆಗೆದು, ಬಣ್ಣದ ಅಚ್ಚಿರುವ ಗೊಬ್ಬರದ ಚೀಲದಲ್ಲಿ ಒಯ್ಯುವುದನ್ನು ನೋಡಿದರೆ ಲೇಶಧಾತು ವಿಶ್ಲೇಷಕನ ಎದೆ ಧಸಕ್ಕೆನ್ನುತ್ತದೆ. ನನ್ನ ಮಟ್ಟಿಗೆ ಕೋಟಿ ರೂಪಾಯಿಯ ಯಂತ್ರಕ್ಕಿಂತ ಈ ಪೊಟ್ಟಣ ಕಟ್ಟುವ ಕೈಗೆ ಕೊಡುವ ತರಬೇತಿ ಮುಖ್ಯ.

ತೋಟದ ತಾಮ್ರ, ಗದ್ದೆಯ ಸತು

ಮಲೆನಾಡಿನ ಅಡಿಕೆ ತೋಟಗಳಲ್ಲಿ ತಾಮ್ರ ಎಲ್ಲಿಂದ ಬರುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಮಳೆಗಾಲದ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವೇ ಇಂದಿಗೂ ಮದ್ದು. ಫ್ರಾನ್ಸಿನ ದ್ರಾಕ್ಷಿತೋಟಗಳಿಗೆ 1885ರಲ್ಲಿ ಮಿಲಾರ್ಡೆ ಕೊಟ್ಟ ಈ ಔಷಧ ಮೈಸೂರು ಸಂಸ್ಥಾನದ ಅಡಿಕೆಗೆ ಹತ್ತಿದ್ದು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್‌ರ ಕೆಲಸದಿಂದ. ಕೊಳೆರೋಗದ ಬಗ್ಗೆ ಅವರ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೇ ಉಪಾಯ. ಆಮೇಲೆ ಮರ ಹತ್ತುವ ಕೊನೆಗೌಡರ ಕೈಗೆ ಔಷಧದ ಪೈಪು ಬಂತು.

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಹಾಕಿದರೆ ಅದರಲ್ಲಿರುವ ತಾಮ್ರ ಸುಮಾರು 254 ಗ್ರಾಂ. ಒಂದು ಹೆಕ್ಟೇರಿಗೆ ವರ್ಷಕ್ಕೆ ಹತ್ತು ಕಿಲೋ ಮೈಲುತುತ್ತ ಹೋಗುತ್ತದೆ ಎಂದು ಭಾವಿಸಿದರೆ ಎರಡೂವರೆ ಕಿಲೋ ತಾಮ್ರ ನೆಲ ಸೇರುತ್ತದೆ. ಸುಮಾರು 2,200 ಟನ್ ಮೇಲ್ಮಣ್ಣಿನಲ್ಲಿ ಅದು ಬೆರೆತರೆ ವರ್ಷಕ್ಕೆ ಒಂದು ಪಿಪಿಎಂ ಚಿಲ್ಲರೆ. ಎಲ್ಲೂ ಹರಿದುಹೋಗದಿದ್ದರೆ ಐವತ್ತು ವರ್ಷಕ್ಕೆ ಐವತ್ತು ಪಿಪಿಎಂ ಮೇಲೆ. ಕೈಯಂತ್ರಕ್ಕೆ ತಾಮ್ರ ಹತ್ತು ಪಿಪಿಎಂ ಆಸುಪಾಸಿನಿಂದ ಕಾಣತೊಡಗುವುದರಿಂದ ಒಂದೆರಡು ವರ್ಷದ ಸಿಂಪಡಣೆ ಅದಕ್ಕೆ ತಿಳಿಯುವುದಿಲ್ಲ, ಅಜ್ಜನ ಕಾಲದಿಂದ ನಡೆದ ಸಿಂಪಡಣೆ ತಿಳಿಯುತ್ತದೆ. ತಾಮ್ರ ಸಮನಾಗಿ ಹರಡಿರುವುದೂ ಇಲ್ಲ. ಸೋಗೆಯಿಂದ ತೊಟ್ಟಿಕ್ಕುವ ಮರದ ಬುಡದಲ್ಲಿ, ಎರಡು ಅಂಗುಲದೊಳಗಿನ ಕರಿಮಣ್ಣಿನಲ್ಲಿ ಅದು ಹೆಚ್ಚು. ಸಾಲುಗಳ ನಡುವಿನ ಬಸಿಗಾಲುವೆಯ ಕಥೆಯೇ ಬೇರೆ. ಪಕ್ಕದ ಸೊಪ್ಪಿನ ಬೆಟ್ಟದಿಂದ ತೆಗೆದ, ಔಷಧ ಸೋಕದ ಮಣ್ಣು ಹೋಲಿಕೆಗೆ ಬೇಕೇಬೇಕು. ಮಣ್ಣಿನಲ್ಲಿ ಸಹಜವಾಗಿಯೇ ಹತ್ತಾರು ಪಿಪಿಎಂ ತಾಮ್ರ ಇರುತ್ತದೆ; ಬೆಟ್ಟದ ಮಣ್ಣಿಲ್ಲದೆ ತೋಟದ ಸಂಖ್ಯೆಗೆ ಅರ್ಥವಿಲ್ಲ.

ಗದ್ದೆಯ ಪ್ರಶ್ನೆ ಇದಕ್ಕೆ ತದ್ವಿರುದ್ಧ. ಅಲ್ಲಿ ಹೆಚ್ಚಾದದ್ದನ್ನು ಹುಡುಕುವುದಿಲ್ಲ, ಕೊರತೆಯನ್ನು ಹುಡುಕುತ್ತಾರೆ. ಕರ್ನಾಟಕ ಸರ್ಕಾರ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಜೊತೆ 2009ರಲ್ಲಿ ಆರಂಭಿಸಿದ ಭೂಚೇತನ ಕಾರ್ಯಕ್ರಮದ ಮಣ್ಣುಪರೀಕ್ಷೆಗಳು ರಾಜ್ಯದ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆಯನ್ನು ಎತ್ತಿ ತೋರಿಸಿದವು. ಈ ಮೂರರ ಮುಂದೆ ಎಕ್ಸ್‌ಆರ್‌ಎಫ್ ಇಟ್ಟು ನೋಡಿದರೆ ಅದರ ಮಿತಿ ಗೊತ್ತಾಗುತ್ತದೆ. ಬೋರಾನ್ ಅದಕ್ಕೆ ಕಾಣದಷ್ಟು ಹಗುರ. ಗಂಧಕ ಕಂಡರೂ ಅದರ 2.31 ಕೆಇವಿ ಕಿರಣ ದುರ್ಬಲ, ಮಣ್ಣಿನ ತೇವವೇ ಅದನ್ನು ಮರೆಮಾಡೀತು. ಸತು ಚೆನ್ನಾಗಿ ಕಾಣುತ್ತದೆ, ಆದರೆ ಕಾಣುವುದು ಒಟ್ಟು ಸತು. ಮಣ್ಣಿನಲ್ಲಿ ಒಟ್ಟು ಐವತ್ತು ಪಿಪಿಎಂ ಇದ್ದು ಬೇರಿಗೆ ಸಿಗುವುದು ಒಂದಕ್ಕಿಂತ ಕಡಿಮೆ ಇರಬಹುದು. ಡಿಟಿಪಿಎ ಎಂಬ ದ್ರಾವಣದಿಂದ ಸೆಳೆದ ಸತು 0.6 ಪಿಪಿಎಂಗಿಂತ ಕೆಳಗಿದ್ದರೆ ಕೊರತೆ ಎಂಬುದು ಬಳಕೆಯಲ್ಲಿರುವ ಗೆರೆ. ಕಬ್ಬಿಣದ ಆಕ್ಸೈಡುಗಳು ಹಿಡಿದಿಟ್ಟುಕೊಂಡ ಸತು ಯಂತ್ರಕ್ಕೆ ಸಿಗುತ್ತದೆ, ಭತ್ತಕ್ಕೆ ಸಿಗುವುದಿಲ್ಲ. ಆದ್ದರಿಂದ 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡಿನ ಹನ್ನೆರಡು ಕಲಮುಗಳನ್ನು ಈ ಕೈಯಂತ್ರದಿಂದಲೇ ತುಂಬಿಬಿಡಬಹುದು ಎಂದು ಮಾರಾಟಗಾರ ಹೇಳಿದರೆ ಒಪ್ಪಬಾರದು. ಒಣಗಿಸಿ ಅರೆದ ಎಲೆಯಲ್ಲಿ ಮಾತ್ರ ಈ ವಿಧಾನಕ್ಕೆ ಒಳ್ಳೆಯ ಭವಿಷ್ಯವಿದೆ. ಎಲೆಯಲ್ಲಿರುವ ಸತು ಬೆಳೆ ಈಗಾಗಲೇ ಹೀರಿದ ಸತು, ಅಲ್ಲಿ ಕಬ್ಬಿಣದ ಗದ್ದಲವೂ ಇಲ್ಲ.

ಕೂದಲು, ಉಗುರು, ರಕ್ತದ ಹನಿ

ಮನುಷ್ಯನ ಮೈಯಿಂದ ತೆಗೆಯುವ ಮಾದರಿ ಚಿಕ್ಕದೇ ಆಗಿರಬೇಕು. ಹತ್ತು ಮೈಕ್ರೋಲೀಟರ್ ರಕ್ತದ್ರವದಲ್ಲಿ ತಾಮ್ರ, ಸತು, ಸೆಲೆನಿಯಂ ಮೂರನ್ನೂ ಟಿಎಕ್ಸ್‌ಆರ್‌ಎಫ್ ಒಟ್ಟಿಗೆ ಅಳೆಯಬಲ್ಲದು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಒಂದೇ ಎಳೆಯನ್ನು ಬುಡದಿಂದ ತುದಿಯವರೆಗೆ ಅಳೆದರೆ ಆರ್ಸೆನಿಕ್ ಯಾವ ತಿಂಗಳಲ್ಲಿ ಮೈ ಸೇರಿತು ಎಂದು ಅಂದಾಜಿಸಬಹುದು. ಎಣ್ಣೆ, ಬಣ್ಣ, ಕೆಂಧೂಳು ಮೇಲೆ ಕೂತಿದ್ದರೆ ತೊಳೆಯುವ ಕ್ರಮದ ಮೇಲೆಯೇ ಫಲಿತಾಂಶ ನಿಲ್ಲುತ್ತದೆ.

ಕಾಯಿಲೆಯ ಕಾರಣ ಹುಡುಕುವವರಿಗೆ ಈ ಸೀಮೆಯಲ್ಲೇ ಒಂದು ಎಚ್ಚರಿಕೆಯಿದೆ. ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಕೀಲು, ಸೊಂಟಗಳನ್ನು ಊನಗೊಳಿಸುವ ಕಾಯಿಲೆ ಬೆಳಕಿಗೆ ಬಂದಾಗ ಅನುಮಾನ ಮೊದಲು ಹೋದದ್ದು ಕೀಟನಾಶಕ ಹೊಡೆದ ಗದ್ದೆಗಳ ಏಡಿ, ಮೀನುಗಳ ಮೇಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ಅಧ್ಯಯನ ನಡೆಸಿದರು. ಮುಂದೆ 1990ರ ದಶಕದ ಸಂಶೋಧನೆ ಅದನ್ನು ವಂಶಪಾರಂಪರ್ಯವಾಗಿ ಬರುವ ಮೂಳೆಯ ರೋಗವೆಂದು ಗುರುತಿಸಿತು. ಇಂಥಲ್ಲಿ ಕೂದಲಿನ ಸತು ಒಂದಿಷ್ಟು ಹೆಚ್ಚುಕಡಿಮೆ ಕಂಡರೂ ಅದು ರೋಗದ ಕಾರಣವೋ ಪರಿಣಾಮವೋ ಬಡತನದ ಊಟದ ಗುರುತೋ ಎಂದು ಯಂತ್ರ ಹೇಳದು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆಯಂಥ ವೈರಾಣುವಿನ ಪ್ರಶ್ನೆಗೆ ಅದು ಸಂಪೂರ್ಣ ಕುರುಡು.

ಚಿನ್ನ ಮತ್ತು ತಾಮ್ರಶಾಸನ

ಊರಿನ ಜನಕ್ಕೆ ಈ ಯಂತ್ರ ಪರಿಚಯವಾಗಿರುವುದು ಚಿನ್ನದ ಮೂಲಕ. ಅಕ್ಕಸಾಲಿಗರ ಒರೆಗಲ್ಲಿನ ಜಾಗದಲ್ಲಿ ಪೆಟ್ಟಿಗೆಯೊಂದು ಕೂತು ಅರ್ಧ ನಿಮಿಷದಲ್ಲಿ ಚಿನ್ನ ನೂರಕ್ಕೆ 91.6 ಎಂದು ತೋರಿಸುತ್ತದೆ. ಹಾಲ್‌ಮಾರ್ಕ್ 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾದ ಮೇಲೆ ಪರೀಕ್ಷಾ ಕೇಂದ್ರಗಳಲ್ಲೂ ಮೊದಲ ತಪಾಸಣೆ ಇದರಿಂದಲೇ. ಕೊನೆಯ ಮಾತು ಮಾತ್ರ ಇಂದಿಗೂ ಬೆಂಕಿಯದು: ಚೂರು ಚಿನ್ನವನ್ನು ಸೀಸದೊಡನೆ ಕುಲುಮೆಗಿಟ್ಟು ಪುಟ ಹಾಕಿ ತೂಗುವ ಕ್ರಮ. ಇದಕ್ಕೆ ಕಾರಣವಿದೆ. ಚಿನ್ನದೊಳಗಿನಿಂದ ಬರುವ 9.7 ಕೆಇವಿ ಕಿರಣವನ್ನು ಚಿನ್ನವೇ ನುಂಗುವುದರಿಂದ ಯಂತ್ರ ನೋಡುವುದು ಮೇಲಿನ ಕೆಲವೇ ಮೈಕ್ರಾನ್‌ಗಳನ್ನು, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಮೇಲೆ ದಪ್ಪ ಮುಲಾಮು ಕೊಟ್ಟ ಒಡವೆ ಅಸಲಿಯಂತೆ ಕಂಡೀತು. ಬೆಸುಗೆಯ ಜಾಗಕ್ಕೆ ಗುರಿಯಿಟ್ಟರೆ ಸಾಚಾ ಒಡವೆಯೂ ಕಳಪೆಯಾಗಿ ಕಂಡೀತು. ಕೆಡಿಎಂ ಕಾಲದ ಬೆಸುಗೆಯ ಕ್ಯಾಡ್ಮಿಯಂ ಅಲ್ಲಿ ಸ್ಪಷ್ಟವಾಗಿ ಸಿಕ್ಕಿಬೀಳುತ್ತದೆ. ಇರಿಡಿಯಂ ಬೆರಕೆಯ ರೇಖೆ 9.18ರಲ್ಲಿ ಚಿನ್ನದ ಪಕ್ಕದಲ್ಲೇ ಬರುವುದರಿಂದ ಅದನ್ನು ಹುಡುಕುವಂತೆ ತಂತ್ರಾಂಶಕ್ಕೆ ಹೇಳಿರದಿದ್ದರೆ ತಪ್ಪಿಸಿಕೊಳ್ಳುತ್ತದೆ. ಯಂತ್ರ ಕ್ಷ-ಕಿರಣ ಬಿಡುವುದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳೂ ಇದಕ್ಕೆ ಅನ್ವಯಿಸುತ್ತವೆ. ಒಡವೆಯನ್ನು ಬೆರಳಲ್ಲಿ ಹಿಡಿದು ಕೈಯಂತ್ರದ ಮೂತಿಗೆ ಒಡ್ಡುವ ಅಭ್ಯಾಸ ಅಪಾಯಕಾರಿ.

ಪುರಾತನ ವಸ್ತುಗಳಲ್ಲಿ ಇದೇ ಮಿತಿ ಇನ್ನೂ ಸೂಕ್ಷ್ಮವಾಗುತ್ತದೆ. ಈ ಎರಡು ತಾಲ್ಲೂಕುಗಳು ಶಾಸನಗಳ ಗಣಿ. ಬಿ. ಎಲ್. ರೈಸ್‌ರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿಕಾರಿಪುರದ ಶಾಸನಗಳು 1902ರ ಏಳನೇ ಸಂಪುಟದಲ್ಲಿ, ಸೊರಬದವು 1904ರ ಎಂಟನೆಯದರಲ್ಲಿ ಇವೆ. ತಾಳಗುಂದದ ಕದಂಬ ಸ್ತಂಭ, ಬಳ್ಳಿಗಾವಿಯ ಕೇದಾರೇಶ್ವರದ ಶಾಸನಗಳು ಕಲ್ಲಿನವು. ಬಾದಾಮಿ ಚಾಲುಕ್ಯ ವಿನಯಾದಿತ್ಯನ ಕ್ರಿ.ಶ. 692ರ ಸೊರಬ ಶಾಸನ ತಾಮ್ರದ್ದು. ತಾಮ್ರಪಟದಲ್ಲಿ ತಾಮ್ರ ಇದೆ ಎಂದು ತಿಳಿಯಲು ಯಂತ್ರ ಬೇಡ. ಅದರೊಳಗೆ ಅದಿರಿನಿಂದ ಉಳಿದುಬಂದ ಆರ್ಸೆನಿಕ್, ಆಂಟಿಮನಿ, ಬೆಳ್ಳಿ, ನಿಕ್ಕಲ್‌ಗಳ ಲೇಶಗಳು, ಕರಗಿಸುವಾಗ ಸೇರಿದ ಸೀಸ ಎಷ್ಟು ಎಂಬುದು ಪ್ರಶ್ನೆ. ಅನುಮಾನದ ಶಾಸನಗಳಿಗೆ ಇದು ಉಪಯುಕ್ತ ಸಾಕ್ಷಿ. ಹಳೆಯ ಕುಲುಮೆಯ ತಾಮ್ರದಲ್ಲಿ ಇರುವ ಕಲ್ಮಷ ಇಂದಿನ ವಿದ್ಯುದ್ವಿಭಜನೆಯಿಂದ ಶುದ್ಧಗೊಳಿಸಿದ ತಾಮ್ರದಲ್ಲಿ ಇರುವುದಿಲ್ಲ. ಆದರೆ ಹಳೆಯ ತಾಮ್ರದ ಮೇಲೆ ಹೊಸಬ ಕೆತ್ತಿದ ಕೂಟಶಾಸನವನ್ನು ಇದು ಹಿಡಿಯಲಾರದು. ಅಲ್ಲಿ ಲಿಪಿ, ಭಾಷೆ, ತಿಥಿಗಳನ್ನು ಓದುವವರೇ ಬೇಕು.

ತಾಮ್ರದ ಮೇಲೆ ಶತಮಾನಗಳ ಕಿಲುಬು ಕೂತಿರುತ್ತದೆ. ಒಳಗಿನ ಸೀಸ, ತವರಗಳು ಆ ಪದರದಲ್ಲಿ ಹೆಚ್ಚಾಗಿಯೋ ಕಡಿಮೆಯಾಗಿಯೋ ಸೇರಿಕೊಂಡಿರುತ್ತವೆ, ಹೂತಿದ್ದ ನೆಲದ ಕಬ್ಬಿಣವೂ ಅಂಟಿರುತ್ತದೆ. ಮೇಲಿನಿಂದಲೇ ಅಳೆದರೆ ಸಿಗುವುದು ಕಿಲುಬಿನ ವಿಶ್ಲೇಷಣೆ, ಲೋಹದ್ದಲ್ಲ. ಕೆರೆದು ನೋಡಲು ಸಂರಕ್ಷಕರು ಸುಲಭಕ್ಕೆ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಕೂದಲೆಳೆಯಷ್ಟು ತೆಳುವಾದ ಬೈರಿಗೆಯಿಂದ ಅಂಚಿನಲ್ಲಿ ಒಂದೆರಡು ಮಿಲಿಗ್ರಾಂ ತೆಗೆದು ಟಿಎಕ್ಸ್‌ಆರ್‌ಎಫ್‌ಗೆ ಕೊಡುವುದು ಒಂದು ಮಾರ್ಗ. ಮೇಲಿನ ಪುಡಿಯನ್ನು ಬಿಟ್ಟು ಒಳಗಿನಿಂದ ಬಂದದ್ದನ್ನು ಮಾತ್ರ ಬಳಸುತ್ತಾರೆ. ಹಲವು ತಾಮ್ರಶಾಸನಗಳಲ್ಲಿ ಇನ್ನೊಂದು ಅನುಕೂಲ ಇದ್ದೇ ಇರುತ್ತದೆ. ಪಟಗಳನ್ನು ಪೋಣಿಸಿದ ಬಳೆಯನ್ನು ಅಚ್ಚು ತೆಗೆಯುವುದಕ್ಕಾಗಿ ಹಿಂದಿನ ಶಾಸನತಜ್ಞರು ಕತ್ತರಿಸಿರುತ್ತಾರೆ. ಆ ಕತ್ತರಿಸಿದ ಮುಖದ ಕಿಲುಬು ಇತ್ತೀಚಿನದು, ತೆಳುವಾದದ್ದು. ಸೂಕ್ಷ್ಮ ಕಿರಣವನ್ನು ಅಲ್ಲಿಗೆ ಬಿಟ್ಟರೆ ಶಾಸನಕ್ಕೆ ಹೊಸ ಗಾಯ ಮಾಡದೆ ಒಳಲೋಹದ ಹತ್ತಿರಕ್ಕೆ ಹೋಗಬಹುದು. ಬಳೆ ಮತ್ತು ಮುದ್ರೆ ಪಟಗಳಿಗಿಂತ ಬೇರೆ ಎರಕದವು ಆಗಿರುವುದುಂಟು. ಬಳೆಯ ಸಂಖ್ಯೆಯನ್ನು ಪಟದ ಸಂಖ್ಯೆ ಎಂದು ಬರೆಯಬಾರದು. ಎರಡನ್ನೂ ಬೇರೆಬೇರೆಯಾಗಿ ಅಳೆದು, ಯಾವ ಜಾಗದಲ್ಲಿ ಅಳೆದದ್ದು ಎಂದು ಚಿತ್ರದ ಮೇಲೆ ಗುರುತು ಹಾಕಿ ಇಡಬೇಕು.